ಅಟ್ಟ, ಟ್ರಂಕು, ಕಪಾಟು: ಮನೆಯ ಪುಸ್ತಕಗಳನ್ನು ಹೊಸದಾಗಿ ನೋಡುವುದು ಹೇಗೆ?

ಮಲೆನಾಡಿನ ಹಳೆಯ ಮನೆಗಳಲ್ಲಿ ಪುಸ್ತಕಗಳು ಒಂದೇ ಕಡೆ ಇರುವುದಿಲ್ಲ. ಒಂದಷ್ಟು ಜಗಲಿಯ ಗಾಜಿನ ಕಪಾಟಿನಲ್ಲಿ, ಒಂದಷ್ಟು ದೇವರ ಕೋಣೆಯ ಗೂಡಿನಲ್ಲಿ. ಇನ್ನುಳಿದವು ಅಟ್ಟದ ಟ್ರಂಕಿನಲ್ಲಿ. ಅದರ ಬೀಗದ ಕೈ ಎಲ್ಲಿದೆ ಅಂತ ಅಜ್ಜಿಗೆ ಮಾತ್ರ ಗೊತ್ತು. ಶಿವಮೊಗ್ಗ ಪೇಟೆಯ ಮನೆಗಳಲ್ಲೂ ಕತೆ ಇದೇ. ಅಲ್ಲಿ ಅಟ್ಟದ ಬದಲು ಮಂಚದ ಕೆಳಗಿನ ರಟ್ಟಿನ ಪೆಟ್ಟಿಗೆ, ಅಷ್ಟೇ.

ಇದನ್ನೆಲ್ಲ ಒಂದು ಕ್ರಮಕ್ಕೆ ತರಬೇಕು ಅಂತ ಹೊರಟವರು ಸಾಮಾನ್ಯವಾಗಿ ಮೊದಲು ಹೊಸ ಕಪಾಟು ಕೊಳ್ಳುತ್ತಾರೆ. ಅದು ಕೊನೆಯ ಕೆಲಸ. ಮನೆಯಲ್ಲಿ ಏನೇನು ಪುಸ್ತಕ ಇದೆ, ಯಾರು ತಂದದ್ದು, ಯಾವಾಗಿನದು ಅಂತ ನೋಡದೆ ಜೋಡಿಸಿದರೆ ಕಪಾಟು ಚಂದ ಕಾಣುತ್ತದೆ. ಪುಸ್ತಕಗಳು ಮಾತ್ರ ಮೊದಲಿನ ಹಾಗೇ ಮುಚ್ಚಿಕೊಂಡು ಕೂತಿರುತ್ತವೆ.

ಯಾವಾಗ ಶುರು ಮಾಡಬೇಕು?

ಮಳೆಗಾಲದಲ್ಲಂತೂ ಬೇಡ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಜುಲೈ ತಿಂಗಳಲ್ಲಿ ಬಟ್ಟೆಯೇ ಒಣಗುವುದಿಲ್ಲ, ಪುಸ್ತಕ ಹೊರಗೆ ತೆಗೆದರೆ ಇನ್ನಷ್ಟು ತಣ್ಣಸ ಎಳೆದುಕೊಳ್ಳುತ್ತದೆ. ದೀಪಾವಳಿ ಮುಗಿದ ಮೇಲೆ ಬಿಸಿಲೇನೋ ಬರುತ್ತದೆ. ಆದರೆ ತೋಟ ಇರುವವರಿಗೆ ಅದು ಅಡಿಕೆ ಕೊಯ್ಲಿನ ಕಾಲ. ಅಂಗಳ ತುಂಬ ಅಡಿಕೆ, ಮನೆ ತುಂಬ ಜನ. ಕೊಯ್ಲು ಮುಗಿದು ಅಂಗಳ ಖಾಲಿಯಾದ ಫೆಬ್ರವರಿ, ಮಾರ್ಚ್ ತಿಂಗಳುಗಳೇ ಸರಿ. ಗಾಳಿ ಒಣಗಿರುತ್ತದೆ, ಮನೆಯವರ ಕೈಗೂ ಬಿಡುವು.

ಎಲ್ಲವನ್ನೂ ಒಂದೇ ದಿನ ಇಳಿಸಬೇಡಿ. ಒಂದು ಸಲಕ್ಕೆ ಒಂದು ಅರೆ ಅಥವಾ ಒಂದು ಟ್ರಂಕು. ತೆಗೆಯುವ ಮೊದಲು ಫೋನಿನಲ್ಲಿ ಒಂದು ಫೋಟೊ ಹೊಡೆದುಕೊಳ್ಳಿ. ಯಾವ ಪುಸ್ತಕದ ಪಕ್ಕ ಯಾವುದಿತ್ತು ಅನ್ನುವುದೂ ಒಂದು ಸುಳಿವು. ಒಬ್ಬರೇ ತಂದ ಪುಸ್ತಕಗಳು ಸಾಮಾನ್ಯವಾಗಿ ಒಟ್ಟಿಗೇ ಇರುತ್ತವೆ.

ಮೊದಲ ಪುಟ, ಕೊನೆಯ ಪುಟ

ಈಗ ಒಂದೊಂದೇ ಪುಸ್ತಕ ತೆರೆಯಿರಿ. ಕತೆ ಓದಲು ಕೂರಬೇಡಿ (ಕೂರುತ್ತೀರಿ, ಅದು ಬೇರೆ ಮಾತು). ಮೊದಲ ನಾಲ್ಕು ಪುಟ ಮತ್ತು ಹಿಂಬದಿ ರಟ್ಟು ನೋಡಿದರೆ ಸದ್ಯಕ್ಕೆ ಸಾಕು.

ಮುದ್ರಣದ ವರ್ಷ ಇದ್ದರೆ ಕೆಲಸ ಸುಲಭ. ಕನ್ನಡದ ಪ್ರಕಾಶಕರಲ್ಲಿ ಹಲವರು ಎಷ್ಟನೇ ಮುದ್ರಣ, ಎಷ್ಟು ಪ್ರತಿ ಅನ್ನುವುದನ್ನೂ ಹಾಕುತ್ತಾರೆ. ಆದರೆ ಆ ಹಾಳೆಯೇ ಹರಿದುಹೋಗಿರುವುದು ಜಾಸ್ತಿ. ಆಗ ಬೆಲೆ ನೋಡಿ. ‘1 ರೂ. 8 ಆಣೆ’ ಅಂತಿದ್ದರೆ ಆ ಪುಸ್ತಕ ಬಹುಮಟ್ಟಿಗೆ 1957ಕ್ಕಿಂತ ಹಿಂದಿನದು. ಆ ವರ್ಷದ ಏಪ್ರಿಲ್ 1ರಂದು ಆಣೆಯ ಲೆಕ್ಕ ಹೋಗಿ, ನೂರು ಪೈಸೆಗೆ ಒಂದು ರೂಪಾಯಿ ಅನ್ನುವ ಲೆಕ್ಕ ಬಂತು. ‘ನಯಾ ಪೈಸೆ’ ಅಂತ ಅಚ್ಚಾಗಿದ್ದರೆ ಇನ್ನೂ ಹತ್ತಿರದ ಅಂದಾಜು ಸಿಗುತ್ತದೆ. ಆ ‘ನಯಾ’ 1957ರಿಂದ 1964ರವರೆಗೆ ಮಾತ್ರ ಇತ್ತು. ಹಳೆಯ ಬೆಲೆಯ ಮೇಲೆ ರಬ್ಬರ್ ಮುದ್ರೆಯಲ್ಲಿ ಹೊಸ ಬೆಲೆ ಒತ್ತಿದ್ದರೆ, ಅಂಗಡಿಯಲ್ಲಿ ವರ್ಷಗಟ್ಟಲೆ ಉಳಿದ ಪ್ರತಿ ಅದು. ಅಚ್ಚಾದ ಕಾಲ ಒಂದು, ನಿಮ್ಮ ಮನೆಗೆ ಬಂದ ಕಾಲ ಇನ್ನೊಂದು.

ವಿಳಾಸವೂ ಬಾಯಿಬಿಡುತ್ತದೆ. ‘ಬೆಂಗಳೂರು-4’ ಅಂತ ಬರೀ ಒಂದಂಕಿ ಇದ್ದರೆ ಹಳೆಯದಿರಬಹುದು. ಶಿವಮೊಗ್ಗದ 577201ರ ಹಾಗೆ ಆರಂಕಿಯ ಪಿನ್‌ಕೋಡ್ ಇದ್ದರೆ ಅದು 1972ರ ಆಗಸ್ಟ್ 15ರ ನಂತರದ್ದೇ. ಅದಕ್ಕೂ ಮೊದಲು ಪಿನ್‌ಕೋಡೇ ಇರಲಿಲ್ಲ. ‘ಮೈಸೂರು ರಾಜ್ಯ’ ಅಂತ ಕಂಡರೆ 1973ರ ನವೆಂಬರ್ 1ಕ್ಕೆ ಮುಂಚಿನದು, ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದದ್ದು ಆ ದಿನ. ಇತ್ತೀಚಿನ ಪುಸ್ತಕವಾದರೆ ಐಎಸ್‌ಬಿಎನ್ (ಪುಸ್ತಕಕ್ಕೆ ಕೊಡುವ ಗುರುತಿನ ಸಂಖ್ಯೆ) ಎಷ್ಟು ಅಂಕಿಯದು ಅಂತ ಎಣಿಸಿ. ಬರೀ ಹತ್ತು ಅಂಕಿ ಇದ್ದರೆ 2007ಕ್ಕಿಂತ ಹಿಂದಿನದು ಅಂತ ಹೆಚ್ಚುಕಡಿಮೆ ಹೇಳಬಹುದು. ಹದಿಮೂರು ಅಂಕಿಯ ಪದ್ಧತಿ ಜಾರಿಗೆ ಬಂದದ್ದು ಆ ವರ್ಷದ ಜನವರಿಯಲ್ಲಿ.

ಧಾರ್ಮಿಕ ಪುಸ್ತಕ, ಯಕ್ಷಗಾನ ಪ್ರಸಂಗಗಳಲ್ಲಿ ಸಂವತ್ಸರದ ಹೆಸರು ಮಾತ್ರ ಇರುವುದುಂಟು. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಪ್ರಭವ ಅಂದರೆ 1927ರ ಯುಗಾದಿಯಿಂದ ಒಂದು ವರ್ಷ, ಆಮೇಲೆ 1987ರ ಯುಗಾದಿಯಿಂದ ಇನ್ನೊಂದು. ಎರಡರಲ್ಲಿ ಯಾವುದು ಅಂತ ಕಾಗದ, ಅಚ್ಚು, ಬೆಲೆ ನೋಡಿ ತೀರ್ಮಾನಿಸಬೇಕು. ಶಾಲಿವಾಹನ ಶಕೆ ಕೊಟ್ಟಿದ್ದರೆ ಅದಕ್ಕೆ 78 ಕೂಡಿಸಿ, ನಮ್ಮ ಇಸವಿ ಸಿಗುತ್ತದೆ. ವರ್ಷದ ಕೊನೆಯ ತಿಂಗಳುಗಳಾದರೆ ಒಂದು ಹೆಚ್ಚು.

ಇದೆಲ್ಲ ಅಚ್ಚಿನ ವಿಷಯ. ನನ್ನ ಮಟ್ಟಿಗೆ ಅದಕ್ಕಿಂತ ರುಚಿ ಇರುವುದು ಕೈಬರಹದಲ್ಲಿ. ಮದುವೆ ಉಡುಗೊರೆಯ ಒಕ್ಕಣೆ, ಶಾಲೆಯ ಬಹುಮಾನದ ಚೀಟಿ, ವಾಚನಾಲಯದ ಮುದ್ರೆ (ವಾಪಸ್ ಕೊಡದೆ ಉಳಿದದ್ದು, ಇರಲಿ), ಮೂಲೆಯಲ್ಲಿ ಬರೆದ ಅಡಿಕೆ ರೇಟು. ಮಾಲೀಕರ ಹೆಸರಿನ ಕೆಳಗೆ ಊರು, ಅಂಚೆ, ತಾಲೂಕು ಬರೆಯುವುದು ಹಿಂದಿನವರ ರೂಢಿ. ಸಾಗರ, ಹೊಸನಗರದ ಕಡೆಯ ಮನೆಗಳಲ್ಲಿ ಆ ಊರು ಈಗ ನೀರಿನ ಅಡಿಯಲ್ಲಿರಬಹುದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆಯ ಎಷ್ಟೋ ಹಳ್ಳಿ ಮುಳುಗಿದವು. ಸಾಮಾನು ಹೊತ್ತು ಬಂದ ಕುಟುಂಬಗಳ ಜೊತೆ ಪುಸ್ತಕಗಳೂ ಬಂದವು. ಅಂಥ ವಿಳಾಸ ಸಿಕ್ಕರೆ ಆ ಪುಟವನ್ನು ತಪ್ಪದೆ ಫೋಟೊ ತೆಗೆದಿಡಿ.

ಪುಟಗಳ ನಡುವೆ ಸಿಗುವ ಬಸ್ ಟಿಕೆಟು, ಕಾಗದ, ಲಗ್ನಪತ್ರಿಕೆ ಎಸೆಯಬೇಡಿ. ಹಾಗಂತ ಅಲ್ಲೇ ಬಿಡಲೂ ಬೇಡಿ, ಅದರ ಕಲೆ ಪುಟಕ್ಕೆ ಇಳಿಯುತ್ತದೆ. ಒಂದು ಲಕೋಟೆಗೆ ಹಾಕಿ, ಮೇಲೆ ಪುಸ್ತಕದ ಹೆಸರು, ಪುಟದ ಸಂಖ್ಯೆ ಬರೆಯಿರಿ. ಒಣಗಿದ ಹೂವಿಗೂ ಇದೇ ಮಾತು.

ಮನೆಯ ಹಿರಿಯರನ್ನು ಕೂರಿಸಿಕೊಳ್ಳಿ

ಸಂಜೆ ಕಾಫಿ ಹೊತ್ತಿಗೆ ಹತ್ತು ಪುಸ್ತಕ ಜಗಲಿಗೆ ತಂದಿಡಿ. ‘ಅಜ್ಜಿ, ಇದು ಯಾರು ತಂದದ್ದು?’ ಅಂತ ಕೇಳಿ. ಫೋನಿನ ರೆಕಾರ್ಡರ್ ಹಾಕಿಡಿ, ಅವರಿಗೂ ಹೇಳಿಯೇ. ಅಜ್ಜಿ ಹೇಳಿದ್ದಕ್ಕೆ ದೊಡ್ಡಪ್ಪ ‘ಹಾಗಲ್ಲ, ಅದು ನಾನು ತಂದದ್ದು’ ಅಂತ ತಕರಾರು ತೆಗೆದರೆ ಎರಡನ್ನೂ ಬರೆದುಕೊಳ್ಳಿ. ತೀರ್ಪು ಕೊಡುವ ಕೆಲಸ ನಿಮ್ಮದಲ್ಲ.

ಅಚ್ಚಾಗದ ಪುಸ್ತಕಗಳು

ಅತ್ತೆಯ ಅಡುಗೆ ಟಿಪ್ಪಣಿ, ಅಜ್ಜನ ತೋಟದ ಲೆಕ್ಕದ ಪುಸ್ತಕ, ವಾರಪತ್ರಿಕೆಯಿಂದ ಧಾರಾವಾಹಿ ಕತ್ತರಿಸಿ ದಬ್ಬಣದಲ್ಲಿ ಹೊಲಿದ ಕಟ್ಟು. ಇವನ್ನು ‘ಹಳೆ ಕಾಗದ’ ಅಂತ ಗುಜರಿಗೆ ಹಾಕುವವರೇ ಜಾಸ್ತಿ. ನನ್ನನ್ನು ಕೇಳಿದರೆ ಇವೇ ಮೊದಲ ಅರೆಗೆ ಹೋಗಬೇಕು. ಅಚ್ಚಾದ ಕಾದಂಬರಿ ಇನ್ನೊಂದು ಕಡೆ ಸಿಗುತ್ತದೆ. ಮಣ, ಸೇರಿನಲ್ಲಿ ಬರೆದ ನಿಮ್ಮ ತೋಟದ ಲೆಕ್ಕ ಎಲ್ಲೂ ಸಿಗುವುದಿಲ್ಲ.

ಕಪ್ಪು ಬಟ್ಟೆಯ ಮಡಿಕೆ ಪುಸ್ತಕ ಸಿಕ್ಕರೆ ಅದು ಕಡತ. ಹುಣಿಸೆ ಬೀಜದ ಅಂಟು, ಇದ್ದಿಲ ಪುಡಿ ಬಟ್ಟೆಗೆ ಬಳಿದು, ಒಣಗಿದ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಒರೆಸಿದರೆ ಬರಹವೇ ಹೋಗುತ್ತದೆ, ಆದ್ದರಿಂದ ಧೂಳು ಹೊಡೆಯಲು ಹೋಗಬೇಡಿ. ಓಲೆಗರಿ ಇದ್ದರೆ ಮನೆಯ ಎಣ್ಣೆ ಹಚ್ಚುವುದು, ಮಡಚುವುದು ಎರಡೂ ಬೇಡ. ಸಾಗರದ ಹತ್ತಿರ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಓಲೆಗರಿಗಳ ಸಂಗ್ರಹವಿದೆ. ಮೈಸೂರಿನಲ್ಲಿ 1891ರಲ್ಲಿ ಶುರುವಾದ ಪ್ರಾಚ್ಯವಿದ್ಯಾ ಸಂಶೋಧನಾಲಯ ಇದೆ. ಇಂಥ ಕಡೆ ಒಮ್ಮೆ ವಿಚಾರಿಸಿ, ಆಮೇಲೆ ಕೈ ಹಾಕಿ.

ಬೂಷ್ಟು, ಹುಳ, ಗೆದ್ದಲು

ಬೂಷ್ಟು ಹಿಡಿದ ಪುಸ್ತಕವನ್ನು ಮೊದಲು ಬೇರೆ ಇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬೂಷ್ಟು ಇನ್ನೂ ಒಳಗೆ ಇಳಿಯುತ್ತದೆ. ನೆರಳಿನಲ್ಲಿ, ಗಾಳಿ ಆಡುವ ಕಡೆ, ಪುಟ ಬಿಡಿಸಿ ನಿಲ್ಲಿಸಿ. ಪೂರ್ತಿ ಒಣಗಿದ ಮೇಲೆ ಮೂಗಿಗೆ ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ, ಮೆತ್ತನೆಯ ಬ್ರಷ್‌ನಿಂದ ಉದುರಿಸಿ. ಮಧ್ಯಾಹ್ನದ ಬಿಸಿಲಿಗೆ ಹಪ್ಪಳದ ಹಾಗೆ ಹರವಬೇಡಿ. ಕಾಗದ ಹಳದಿಯಾಗುತ್ತದೆ, ಬೈಂಡಿಂಗಿನ ಅಂಟು ಬಿರಿಯುತ್ತದೆ.

ಬೆಳ್ಳಗೆ ಹೊಳೆಯುತ್ತ ಸರ್ರನೆ ಓಡುವ ಪುಸ್ತಕದ ಹುಳಕ್ಕೆ ಗಂಜಿಯ ಅಂಟು ಪ್ರೀತಿ, ಅದಕ್ಕೇ ಬೆನ್ನಿನ ಕಡೆಯಿಂದ ತಿನ್ನುತ್ತದೆ. ಹುಳ ಬಿದ್ದ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಬಹುದು. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು, ಇಲ್ಲದಿದ್ದರೆ ಪುಟದ ಮೇಲೆ ನೀರು ಕೂರುತ್ತದೆ. ನಡುವೆ ತುಂಬ ಹೊತ್ತು ಕರೆಂಟ್ ಹೋದರೆ ಮತ್ತೆ ಮೊದಲಿಂದ ಲೆಕ್ಕ ಹಾಕಿ. ನಮ್ಮ ಕಡೆ ಇದನ್ನು ಬೇರೆ ಹೇಳಬೇಕಿಲ್ಲ, ಅಲ್ವಾ? ನುಸಿಗುಳಿಗೆ ಕಪಾಟಿಗೆ ಹಾಕುವವರು ಮಲಗುವ ಕೋಣೆಯಲ್ಲಿ, ಮಕ್ಕಳ ಕೈಗೆ ಸಿಗುವ ಕಡೆ ಹಾಕಬೇಡಿ. ಅದು ವಿಷವೇ.

ಗೆದ್ದಲಿಗೆ ಮದ್ದು ಜಾಗ ಬದಲಿಸುವುದು. ಕಪಾಟಿನ ಹಿಂಬದಿ ಮತ್ತು ಗೋಡೆಯ ನಡುವೆ ಕೈ ತೂರುವಷ್ಟು ಜಾಗ ಬಿಡಿ. ಕೆಳಗಿನ ಅರೆ ನೆಲದಿಂದ ಅರ್ಧ ಅಡಿ ಮೇಲಿರಲಿ. ಗೋಡೆಯಲ್ಲಿ ಮಣ್ಣಿನ ಗೆರೆ ಕಂಡ ದಿನವೇ ಪುಸ್ತಕ ತೆಗೆಯಿರಿ. ಹರಿದ ಪುಟಕ್ಕೆ ಸೆಲ್ಲೋಟೇಪ್ ಅಂಟಿಸಬೇಡಿ, ನ್ಯೂಸ್‌ಪೇಪರಿನ ರಟ್ಟೂ ಬೇಡ. ಎರಡೂ ಕಲೆ ಬಿಡುತ್ತವೆ.

ಜೋಡಿಸುವುದು, ಬರೆದಿಡುವುದು

ಗ್ರಂಥಾಲಯಗಳಿಗೆ ಅವರದೇ ಪದ್ಧತಿಗಳಿವೆ. ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ 894.814 ಅಂತ ಸಂಖ್ಯೆ. ನಮ್ಮವರೇ ಆದ ಎಸ್.ಆರ್. ರಂಗನಾಥನ್ 1933ರಲ್ಲಿ ಕೋಲನ್ ವರ್ಗೀಕರಣ ಕೊಟ್ಟರು. ಮನೆಗೆ ಇವು ಬೇಡ. ಮನೆಯ ಪುಸ್ತಕಗಳಲ್ಲಿ ಮುಕ್ಕಾಲು ಪಾಲು ಆ ಒಂದೇ ಸಂಖ್ಯೆಯ ಕೆಳಗೆ ಬಂದುಬಿಟ್ಟರೆ ಏನು ಪ್ರಯೋಜನ? ಯಾರು, ಎಲ್ಲಿ ಕೂತು ಓದುತ್ತಾರೆ ಅಂತ ನೋಡಿ ವಿಂಗಡಿಸಿ. ಪಂಚಾಂಗ, ಸ್ತೋತ್ರ ದೇವರ ಕೋಣೆಯ ಹತ್ತಿರ. ಕೃಷಿಯವು ಜಗಲಿಯಲ್ಲಿ, ತೋಟಕ್ಕೆ ಹೋಗುವವರ ಕಣ್ಣಿಗೆ ಬೀಳುವ ಹಾಗೆ. ಮಕ್ಕಳ ಪುಸ್ತಕ ಮಕ್ಕಳ ಎತ್ತರಕ್ಕೆ. ಪ್ರಸಂಗ ಪುಸ್ತಕಗಳು ತೆಳ್ಳಗೆ ಇರುವುದರಿಂದ ನಿಲ್ಲಿಸಿದರೆ ಬಾಗುತ್ತವೆ, ಅವನ್ನು ಮಲಗಿಸಿಡಿ.

ಪಟ್ಟಿಗೆ ಒಂದು ನೋಟ್‌ಬುಕ್ ಸಾಕು. ಕಂಪ್ಯೂಟರಿನಲ್ಲಿ ಮಾಡುವವರು ಯುನಿಕೋಡ್ ಕನ್ನಡದಲ್ಲೇ ಟೈಪ್ ಮಾಡಿ, ಹುಡುಕಿದರೆ ಸಿಗಬೇಕಲ್ಲ. ಹೆಸರು, ಲೇಖಕರು, ವರ್ಷ, ಯಾರದ್ದು, ಎಲ್ಲಿದೆ, ಟಿಪ್ಪಣಿ ಇಷ್ಟು ಕಾಲಂ ಇರಲಿ. ತೊಡಕಾಗುವುದು ಲೇಖಕರ ಹೆಸರಿನಲ್ಲಿ. ಕುವೆಂಪು ಹೆಸರು ಒಂದರಲ್ಲಿ ಹಾಗೇ ಇರುತ್ತದೆ, ಇನ್ನೊಂದರಲ್ಲಿ ಕೆ.ವಿ. ಪುಟ್ಟಪ್ಪ ಅಂತಿರುತ್ತದೆ. ಮಾಸ್ತಿಯವರದ್ದು ‘ಶ್ರೀನಿವಾಸ’ ಅಂತ ಬಂದಿರುತ್ತದೆ. ಜನ ಕರೆಯುವ ಹೆಸರನ್ನೇ ಮುಖ್ಯ ಕಾಲಂನಲ್ಲಿ ಹಾಕಿ, ರಟ್ಟಿನ ಮೇಲಿನ ಹೆಸರನ್ನು ಟಿಪ್ಪಣಿಗೆ ಸೇರಿಸಿ. ಪುಸ್ತಕಕ್ಕೆ ಸಂಖ್ಯೆ ಕೊಡುವುದಾದರೆ ಕೊನೆಯ ಪುಟದ ಒಳಮೂಲೆಯಲ್ಲಿ, ಪೆನ್ಸಿಲಿನಲ್ಲಿ.

ಹಳೆಯದನ್ನೆಲ್ಲ ಸ್ಕ್ಯಾನ್ ಮಾಡಿ ಎಲ್ಲರಿಗೂ ಹಂಚುತ್ತೇನೆ ಅನ್ನುವ ಉತ್ಸಾಹ ಬರುತ್ತದೆ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ನಂತರವೂ 60 ವರ್ಷ ಹಕ್ಕು ಉಳಿಯುತ್ತದೆ. ಮನೆಯ ಕೈಬರಹಗಳಿಂದ ಶುರು ಮಾಡಿ, ಮನೆಯವರ ಒಪ್ಪಿಗೆ ಸಾಕು.

ಈಗ ಓದಿ

ಪಟ್ಟಿ ಮಾಡುವಾಗ ‘ಇದು ನಮ್ಮ ಮನೆಯಲ್ಲಿತ್ತಾ!’ ಅನ್ನಿಸಿದ ಪುಸ್ತಕಗಳಿಗೆ ಒಂದು ಗುರುತು ಹಾಕಿರಿ. ಅವನ್ನು ಟಿ.ವಿ. ಪಕ್ಕವೋ ದಿಂಬಿನ ಪಕ್ಕವೋ ತಂದಿಡಿ. ಇಪ್ಪತ್ತು ಪುಟ ಓದಿ. ಹಿಡಿಸದಿದ್ದರೆ ವಾಪಸ್ ಇಟ್ಟು ಇನ್ನೊಂದು ತೆಗೆಯಿರಿ. ನೀವು ಸಾಮಾನ್ಯವಾಗಿ ಮುಟ್ಟದ ಅರೆಯಿಂದಲೇ ಶುರು ಮಾಡುವುದು ಒಳ್ಳೆಯದು. ಕಾದಂಬರಿ ಓದುವವರು ಕೃಷಿ ಪುಸ್ತಕ, ಕೃಷಿಕರು ಪ್ರಸಂಗ.

ಎರಡೆರಡು ಪ್ರತಿ ಇದ್ದರೆ ಗೀಟು, ಟಿಪ್ಪಣಿ, ಹೆಸರು ಇರುವುದನ್ನು ಉಳಿಸಿಕೊಳ್ಳಿ, ಶುಭ್ರವಾಗಿರುವುದನ್ನು ಪಂಚಾಯಿತಿಯ ಗ್ರಂಥಾಲಯಕ್ಕೆ ಕೊಡಿ. ಕೊಡುವ ಮೊದಲು ಅವರಿಗೆ ಬೇಕಾ ಅಂತ ಕೇಳಿ, ಹಳೆಯ ಗೈಡುಗಳನ್ನು ಅಲ್ಲಿಗೆ ಸುರಿಯಬೇಡಿ. ನೆಂಟರು ಓದಲು ಒಯ್ದರೆ ಅದೇ ಪಟ್ಟಿಯಲ್ಲಿ ಹೆಸರು, ತಿಂಗಳು ಬರೆಯಿರಿ, ಅವರ ಎದುರಿಗೇ.