ಚುರುಕು ನೆನಪಿಗೆ ಮೊಬೈಲ್: ಯಾವ ಆ್ಯಪ್, ಹೇಗೆ ಬಳಸಬೇಕು

ಪ್ಲೇ ಸ್ಟೋರ್‌ನಲ್ಲಿ ‘ಬ್ರೇನ್’ ಅಂತ ಹುಡುಕಿದರೆ ಸಾಲುಸಾಲು ಆಟಗಳು ಸಿಗುತ್ತವೆ. ದುಡ್ಡು ಕಟ್ಟುವ ಮುನ್ನ ಒಂದು ವಿಷಯ ತಿಳಿದಿರಲಿ. ಲುಮಾಸಿಟಿ ಎಂಬ ಹೆಸರಾಂತ ಆ್ಯಪ್‌ನ ಕಂಪನಿ, ವಯಸ್ಸಿನ ಮರೆವನ್ನು ತಡೆಯುತ್ತೇವೆಂದು ಆಧಾರವಿಲ್ಲದೆ ಜಾಹೀರಾತು ಕೊಟ್ಟ ಆರೋಪದ ಮೇಲೆ 2016ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ಗೆ 20 ಲಕ್ಷ ಡಾಲರ್ ಕಟ್ಟಿ ಪ್ರಕರಣ ಮುಗಿಸಿಕೊಂಡಿತು. ಅಮೆರಿಕದಲ್ಲೇ 65 ದಾಟಿದ 2,832 ಜನರ ಮೇಲೆ ನಡೆದ ‘ಆ್ಯಕ್ಟಿವ್’ ಎಂಬ ದೊಡ್ಡ ಪ್ರಯೋಗದ ಫಲಿತಾಂಶ 2002ರಲ್ಲಿ ಬಂತು. ತರ್ಕದ ತರಬೇತಿ ಪಡೆದವರು ತರ್ಕದಲ್ಲಿ ಸುಧಾರಿಸಿದರು, ನೆನಪಿನ ತರಬೇತಿ ಪಡೆದವರು ನೆನಪಿನ ಪರೀಕ್ಷೆಯಲ್ಲಿ ಸುಧಾರಿಸಿದರು. ಒಂದರ ಲಾಭ ಇನ್ನೊಂದಕ್ಕೆ ದಾಟಲಿಲ್ಲ. ಹಾಗಾಗಿ ಬಣ್ಣದ ಗೋಲಿ ಹೊಂದಿಸುತ್ತಾ ಕೂತರೆ ಗೋಲಿ ಹೊಂದಿಸುವುದರಲ್ಲೇ ಪಳಗುತ್ತೀರಿ. ಯಾವುದು ನೆನಪಿರಬೇಕೋ ಅದನ್ನೇ ಅಭ್ಯಾಸ ಮಾಡಬೇಕು.

ಅದಕ್ಕೆ ಸರಿಯಾದ ಆ್ಯಪ್ ಆಂಕಿಡ್ರಾಯ್ಡ್. ನೀವೇ ಬರೆದ ಪ್ರಶ್ನೋತ್ತರದ ಕಾರ್ಡುಗಳನ್ನು ಇದು ಕೇಳುತ್ತದೆ. ನೆನಪಾಯಿತೋ ಇಲ್ಲವೋ ಅಂತ ಗುಂಡಿ ಒತ್ತಿ ತಿಳಿಸಿದರೆ ಮರೆತದ್ದನ್ನು ಬೇಗ, ನೆನಪಾದದ್ದನ್ನು ತಡವಾಗಿ ಮತ್ತೆ ಕೇಳುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಪೂರ್ತಿ ಉಚಿತ, ಜಾಹೀರಾತಿಲ್ಲ. ಐಫೋನಿನ ಆವೃತ್ತಿಗೆ ಮಾತ್ರ ದುಡ್ಡು ಕೊಡಬೇಕು. ಒಮ್ಮೆ ಇಳಿಸಿಕೊಂಡರೆ ನೆಟ್ ಬೇಕಿಲ್ಲ. ಮೂಡಿಗೆರೆ, ಸಕಲೇಶಪುರದ ಕಡೆ ತೋಟದೊಳಗೆ ಸಿಗ್ನಲ್ ಸಿಗದವರಿಗೆ ಇದೇ ದೊಡ್ಡ ಅನುಕೂಲ. ಹೆಸರು ಹೋಲುವ ಬೇರೆ ಆ್ಯಪ್‌ಗಳೂ ಇವೆ, ನೋಡಿ ಇಳಿಸಿಕೊಳ್ಳಿ.

ತೆರೆದ ಮೇಲೆ ಕೆಳಗಿನ ಪ್ಲಸ್ ಗುರುತು ಒತ್ತಿ ಹೊಸ ‘ಡೆಕ್’ (ಕಾರ್ಡುಗಳ ಕಟ್ಟು) ಮಾಡಿ, ಹೆಸರು ಕೊಡಿ. ಮತ್ತೆ ಪ್ಲಸ್ ಒತ್ತಿ ಕಾರ್ಡ್ ಸೇರಿಸಿ: ‘ಫ್ರಂಟ್’ನಲ್ಲಿ ಪ್ರಶ್ನೆ, ‘ಬ್ಯಾಕ್’ನಲ್ಲಿ ಉತ್ತರ. ಕನ್ನಡ ಟೈಪ್ ಮಾಡಲು ಕಷ್ಟವಾದರೆ ಗೂಗಲ್‌ನ ಕೀಬೋರ್ಡ್ ಆದ ಜಿಬೋರ್ಡ್‌ನ ಭಾಷೆಗಳ ಪಟ್ಟಿಯಲ್ಲಿ ಕನ್ನಡದ ಕೈಬರಹ ಆರಿಸಿಕೊಳ್ಳಿ. ಬೆರಳಲ್ಲಿ ಬರೆದರೆ ಅಕ್ಷರ ಮೂಡುತ್ತದೆ.

ಎಲ್ಲರೂ ಎಡವುವುದು ಕಾರ್ಡ್ ಬರೆಯುವಲ್ಲಿ. ಕಾಫಿ ಬೆಳೆಗಾರರೊಬ್ಬರು, ಗಿಡದ ರೋಗಕ್ಕೆ ಸಿಂಪಡಿಸುವ ಔಷಧಿಯ ಬಗ್ಗೆ ‘ಬೋರ್ಡೋ ದ್ರಾವಣ ಮಾಡುವುದು ಹೇಗೆ?’ ಅಂತ ಬರೆದು ಹಿಂದೆ ಅರ್ಧ ಪುಟ ತುಂಬಿದರೆ ಆ ಕಾರ್ಡ್ ಕೆಲಸಕ್ಕೆ ಬರುವುದಿಲ್ಲ. ಅರ್ಧ ನೆನಪಾಗುತ್ತದೆ, ಅರ್ಧ ಆಗುವುದಿಲ್ಲ, ಯಾವ ಗುಂಡಿ ಒತ್ತಬೇಕೆಂದೇ ತಿಳಿಯುವುದಿಲ್ಲ. ಅದನ್ನು ಒಡೆಯಿರಿ. ‘ಶೇ. 1ರ ದ್ರಾವಣ, 100 ಲೀಟರ್: ಮೈಲುತುತ್ತ ಎಷ್ಟು?’ 1 ಕೆ.ಜಿ. ‘ಅದಕ್ಕೆ ಸುಣ್ಣ ಎಷ್ಟು?’ 1 ಕೆ.ಜಿ. ‘ಯಾವುದನ್ನು ಯಾವುದಕ್ಕೆ ಸುರಿಯಬೇಕು?’ ತುತ್ತದ ನೀರನ್ನು ಸುಣ್ಣದ ನೀರಿಗೆ. ‘ಅದ್ದಿದ ಚಾಕುವಿನ ಮೇಲೆ ಕೆಂಪು ಕಂಡರೆ?’ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಒಂದು ಕಾರ್ಡಿಗೆ ಒಂದೇ ಉತ್ತರ.

ಇನ್ನೇನೇನು ಹಾಕಬಹುದು? ಮನೆಯವರ ನಾಲ್ಕು ಫೋನ್ ನಂಬರ್. ಫೋನ್ ಕಳೆದ ದಿನ ಬೇಕಾಗುವುದು ಅದೇ. ದಿನಾ ನುಂಗುವ ಮಾತ್ರೆಗಳ ಹೆಸರು. ಊರಿಗೆ ಬಂದ ನೆಂಟರಿಗೆ ಗುಡಿ ತೋರಿಸುವವರಾದರೆ ಗುಡಿಗಳ ಇಸವಿ: ಬೇಲೂರಿನ ಚೆನ್ನಕೇಶವ 1117, ಹಳೇಬೀಡಿನ ಹೊಯ್ಸಳೇಶ್ವರ 1121. ಮದುವೆಮನೆಯಲ್ಲಿ ಮುಖ ಗೊತ್ತಿದ್ದು ಹೆಸರು ಬಾರದೆ ಒದ್ದಾಡುವವರು ಮುಂದೆ ಫೋಟೋ, ಹಿಂದೆ ಹೆಸರು ಹಾಕಿ. ನಮ್ಮ ಪ್ರಕಾರ ವಯಸ್ಸಾದವರಿಗೆ ಇದರಷ್ಟು ಉಪಯೋಗದ ಡೆಕ್ ಇನ್ನೊಂದಿಲ್ಲ.

ಮೊದಲ ದಿನವೇ ಡೆಕ್‌ನ ಆಯ್ಕೆಗಳಿಗೆ ಹೋಗಿ ದಿನಕ್ಕೆ 20 ಹೊಸ ಕಾರ್ಡ್ ಎಂದಿರುವುದನ್ನು 5ಕ್ಕೆ ಇಳಿಸಿ. ಪ್ರತಿ ಹೊಸ ಕಾರ್ಡ್ ಮುಂದೆ ಹಲವು ಬಾರಿ ತಿರುಗಿ ಬರುತ್ತದೆ. 20 ಇಟ್ಟರೆ ಕೆಲವೇ ವಾರಗಳಲ್ಲಿ ದಿನದ ಪುನರಾವರ್ತನೆ 200ರ ಹತ್ತಿರ ಹೋಗುತ್ತದೆ, ಜನ ಕೈಬಿಡುವುದೇ ಅಲ್ಲಿ. ಉತ್ತರವನ್ನು ಬಾಯಿಬಿಟ್ಟು ಹೇಳಿ, ಆಮೇಲೆ ‘ಶೋ ಆನ್ಸರ್’ ಒತ್ತಿ. ನೋಡಿದ ಮೇಲೆ ‘ಓ, ಗೊತ್ತಿತ್ತು’ ಅನ್ನಿಸಿದರೆ ಅದು ಗೊತ್ತಿರಲಿಲ್ಲ ಅಂತಲೇ ಲೆಕ್ಕ. ಮರೆತಿದ್ದರೆ ‘ಅಗೇನ್’ ಒತ್ತಿ, ‘ಹಾರ್ಡ್’ ಒತ್ತಬೇಡಿ. ‘ಹಾರ್ಡ್’ ಅಂದರೆ ಕಷ್ಟಪಟ್ಟರೂ ನೆನಪಾಯಿತು ಎಂದು ಆ್ಯಪ್ ತಿಳಿಯುತ್ತದೆ, ಮರೆತ ಕಾರ್ಡನ್ನು ದಿನಗಟ್ಟಲೆ ಮುಂದೆ ತಳ್ಳಿಬಿಡುತ್ತದೆ. ಹಬ್ಬ, ಕೊಯ್ಲಿನ ನಡುವೆ ವಾರ ತಪ್ಪಿ ರಾಶಿ ಬಿದ್ದಿದ್ದರೆ ಹೊಸ ಕಾರ್ಡ್ 0 ಮಾಡಿ, ಹಳೆಯದನ್ನು ದಿನಕ್ಕೆ ಹತ್ತು ನಿಮಿಷದಂತೆ ತೀರಿಸಿ. ಪೇಟೆಗೆ ಬಂದಾಗ ಉಚಿತ ಆಂಕಿವೆಬ್ ಖಾತೆಗೆ ಸಿಂಕ್ ಮಾಡಿ. ಫೋನ್ ನೀರಿಗೆ ಬಿದ್ದರೂ ಕಾರ್ಡ್ ಉಳಿಯುತ್ತವೆ.

ದಾರಿಯ ನೆನಪಿಗೆ ಗೂಗಲ್ ಮ್ಯಾಪ್ಸನ್ನೇ ತಿರುಗಿಸಿ ಬಳಸಬಹುದು. ಹಾಸನದಿಂದ ಹಳೇಬೀಡು, ಬೇಲೂರು ಹಾದು ಚಿಕ್ಕಮಗಳೂರಿಗೆ ಹೊರಟಿದ್ದೀರಿ ಅಂದುಕೊಳ್ಳಿ. ಮನೆಯಲ್ಲೇ ನಕ್ಷೆ ನೋಡಿ, ಮುಚ್ಚಿ, ಎಲ್ಲಿ ಎಡ, ಎಲ್ಲಿ ಬಲ, ಯಾವ ಊರು ಮೊದಲು ಅಂತ ಹೇಳಿಕೊಳ್ಳಿ. ಹೊರಟ ಮೇಲೆ ಸಂದೇಹ ಬಂದಾಗಷ್ಟೇ, ಗಾಡಿ ನಿಲ್ಲಿಸಿ, ಮ್ಯಾಪ್ ತೆರೆಯಿರಿ. ಘಾಟಿ ಕಡೆ ಹೋಗುವವರು ಪ್ರೊಫೈಲ್ ಚಿತ್ರ ಒತ್ತಿ ‘ಆಫ್‌ಲೈನ್ ಮ್ಯಾಪ್ಸ್’ನಲ್ಲಿ ಆ ಪ್ರದೇಶ ಮೊದಲೇ ಇಳಿಸಿಟ್ಟುಕೊಳ್ಳಿ.

ಟೈಪಿಂಗೇ ಬೇಡ ಅನ್ನುವವರಿಗೆ ಫೋನಿನ ವಾಯ್ಸ್ ರೆಕಾರ್ಡರ್ ಸಾಕು. ಪತ್ರಿಕೆಯ ಒಂದು ಸುದ್ದಿ ಓದಿ ಮಡಚಿಟ್ಟು, ಎರಡು ನಿಮಿಷ ರೆಕಾರ್ಡ್ ಮಾಡುತ್ತಾ ನೆನಪಿದ್ದಷ್ಟು ಹೇಳಿ. ಪತ್ರಿಕೆ ಬಿಚ್ಚಿ ಕೇಳಿಸಿಕೊಳ್ಳಿ. ಊರಿನ ಹೆಸರು, ಅಂಕಿ ಎಲ್ಲಿ ಬಿಟ್ಟುಹೋಯಿತು ಅಂತ ತಕ್ಷಣ ತಿಳಿಯುತ್ತದೆ. ಚದುರಂಗ ಇಷ್ಟವಿದ್ದರೆ ಲಿಚೆಸ್ ಉಚಿತ, ಜಾಹೀರಾತಿಲ್ಲ. ಒಂದೇ ನಿಮಿಷದ ಆಟಗಳನ್ನು ಬಿಟ್ಟು ಪಜಲ್ ಬಿಡಿಸಿ. ಕೊನೆಯವರೆಗೆ ಮನಸ್ಸಿನಲ್ಲೇ ಆಡಿ ನೋಡದೆ ಕಾಯಿ ಮುಟ್ಟಬೇಡಿ.

ಇನ್ನು ಫೋನಿನ ಕಾಟ. ಕಾರ್ಡ್ ನೋಡುವಾಗ ಏರೋಪ್ಲೇನ್ ಮೋಡ್ ಹಾಕಿ, ವಾಟ್ಸ್ಆ್ಯಪ್ ಸದ್ದು ನಿಲ್ಲುತ್ತದೆ. ಸೆಟ್ಟಿಂಗ್ಸ್‌ನ ‘ಡಿಜಿಟಲ್ ವೆಲ್‌ಬೀಯಿಂಗ್’ನಲ್ಲಿ ರೀಲ್ಸ್ ನೋಡುವ ಆ್ಯಪ್‌ಗೆ ದಿನಕ್ಕೆ 30 ನಿಮಿಷದ ಟೈಮರ್ ಇಡಿ. ರಾತ್ರಿ ಫೋನ್ ಮಲಗುವ ಕೋಣೆಯ ಹೊರಗಿರಲಿ. ನಿದ್ದೆಗೆಟ್ಟರೆ ಓದಿದ್ದು ನಿಲ್ಲುವುದಿಲ್ಲ. ‘ಉಚಿತ ಟ್ರಯಲ್’ ಒಪ್ಪಿ ಸಿಕ್ಕಿಕೊಂಡಿದ್ದರೆ ಆ್ಯಪ್ ಅಳಿಸಿದ ಮಾತ್ರಕ್ಕೆ ದುಡ್ಡು ಕಡಿತ ನಿಲ್ಲದು. ಪ್ಲೇ ಸ್ಟೋರ್‌ನ ಪ್ರೊಫೈಲ್‌ನಲ್ಲಿ ‘ಪೇಮೆಂಟ್ಸ್ ಅಂಡ್ ಸಬ್‌ಸ್ಕ್ರಿಪ್ಷನ್ಸ್’ಗೆ ಹೋಗಿ ರದ್ದು ಮಾಡಬೇಕು.

ಹೆಸರು ತಡವಾಗಿ ನೆನಪಾಗುವುದು ವಯಸ್ಸಿಗೆ ಸಹಜ. ಆದರೆ ದಿನಾ ಓಡಾಡುವ ರಸ್ತೆಯಲ್ಲೇ ದಾರಿ ತಪ್ಪುವುದು, ಚಿಲ್ಲರೆ ಲೆಕ್ಕ ಹತ್ತದಿರುವುದು, ಹತ್ತು ನಿಮಿಷದಲ್ಲಿ ಅದೇ ಪ್ರಶ್ನೆ ಮತ್ತೆ ಮತ್ತೆ ಕೇಳುವುದು ಕಂಡರೆ ಆ್ಯಪ್ ಬದಿಗಿಟ್ಟು ವೈದ್ಯರ ಬಳಿ ಕರೆದೊಯ್ಯಿರಿ. ಬಿ12 ಕೊರತೆ, ಥೈರಾಯ್ಡ್ ತೊಂದರೆಯಿಂದ ಬಂದ ಮರೆವಾದರೆ ರಕ್ತಪರೀಕ್ಷೆಯಲ್ಲಿ ಪತ್ತೆಯಾಗುತ್ತದೆ, ಅದಕ್ಕೆ ಚಿಕಿತ್ಸೆಯೂ ಇದೆ. ಕಿವಿಯನ್ನೂ ಪರೀಕ್ಷೆ ಮಾಡಿಸಿ. ಸರಿಯಾಗಿ ಕೇಳಿಸದ ಮಾತು ನೆನಪಿನಲ್ಲಿ ಉಳಿಯುವುದಿಲ್ಲ, ಮನೆಯವರು ಅದನ್ನೇ ಮರೆವು ಅಂದುಕೊಂಡುಬಿಡುತ್ತಾರೆ.