200 ಗಿಗಾಬೈಟ್ ಕಳುಹಿಸುವ ಮೊದಲು ಮಾಡುವ ಲೆಕ್ಕ

ವಿಡಿಯೊ ಸಂಕಲನದ ಕೆಲಸದಲ್ಲಿರುವ ನಾನು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ನೂರಾರು ಗಿಗಾಬೈಟ್ ಗಾತ್ರದ ಫೈಲುಗಳನ್ನು ಆಗಾಗ ಸಾಗಿಸಬೇಕಾಗುತ್ತದೆ. ಯಾವ ತಂತ್ರಾಂಶ ಒಳ್ಳೆಯದೆಂದು ಹುಡುಕುವ ಮೊದಲು ಒಂದು ಸಣ್ಣ ಲೆಕ್ಕ ಹಾಕುತ್ತೇನೆ. ಸಂಪರ್ಕದ ವೇಗವನ್ನು ಬಿಟ್‌ಗಳಲ್ಲಿ ಹೇಳುತ್ತಾರೆ, ಫೈಲಿನ ಗಾತ್ರವನ್ನು ಬೈಟ್‌ಗಳಲ್ಲಿ ಅಳೆಯುತ್ತೇವೆ, ಒಂದು ಬೈಟಿಗೆ 8 ಬಿಟ್. ಮೇಲಾಗಿ ಕಳುಹಿಸುವವರು ನೋಡಬೇಕಾದದ್ದು ಅಪ್‌ಲೋಡ್ ವೇಗವನ್ನು, ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿರುವ ಡೌನ್‌ಲೋಡ್ ವೇಗವನ್ನಲ್ಲ. ಸೆಕೆಂಡಿಗೆ 20 ಮೆಗಾಬಿಟ್ ಅಪ್‌ಲೋಡ್ ಇದ್ದರೆ 200 ಗಿಗಾಬೈಟ್ ಹೋಗಲು 22 ಗಂಟೆಗೂ ಹೆಚ್ಚು ಹಿಡಿಯುತ್ತದೆ. ಎರಡೂ ಕಂಪ್ಯೂಟರುಗಳು ಒಂದೇ ಗಿಗಾಬಿಟ್ ಸ್ವಿಚ್ಚಿಗೆ (ಸೆಕೆಂಡಿಗೆ 1 ಗಿಗಾಬಿಟ್ ಸಾಗಿಸುವ ಜಾಲದ ಪೆಟ್ಟಿಗೆಗೆ) ಕೇಬಲಿನಿಂದ ಸೇರಿದ್ದು, ಡಿಸ್ಕುಗಳೂ ಆ ವೇಗಕ್ಕೆ ಒದಗಿದರೆ, ಸುಮಾರು ಅರ್ಧ ಗಂಟೆ ಸಾಕು.

ಇಷ್ಟು ದೀರ್ಘವಾದ ರವಾನೆ ನಡುವೆ ಒಮ್ಮೆಯಾದರೂ ಕಡಿಯುತ್ತದೆಂದೇ ಭಾವಿಸಿ, ಕಡಿದ ಮೇಲೆ ಎಲ್ಲಿಂದ ಮುಂದುವರಿಯುತ್ತದೆ ಎಂಬುದನ್ನೇ ನಾನು ಆಯ್ಕೆಯ ಮುಖ್ಯ ಅಳತೆಯಾಗಿ ಇಟ್ಟುಕೊಂಡಿದ್ದೇನೆ. ಜಾಲದ ಮೂಲಕ ಫೈಲು ನಕಲಿಸುವ ಆಜ್ಞೆಯಾದ ಎಸ್‌ಸಿಪಿ ಸರಳವಾದರೂ ನಿಂತಲ್ಲಿಂದ ಮುಂದುವರಿಸುವುದಿಲ್ಲ. ಆದ್ದರಿಂದ 1996ರಿಂದ ಬಳಕೆಯಲ್ಲಿರುವ, ಅದೇ ಕೆಲಸದ ಇನ್ನೊಂದು ಆಜ್ಞೆಯಾದ ಆರ್‌ಸಿಂಕ್ ನನ್ನ ಮೊದಲ ಆಯ್ಕೆಯಾಯಿತು. ಅದೂ ತಾನಾಗಿ ಬಿಟ್ಟರೆ ಅರ್ಧ ಬಂದ ಫೈಲನ್ನು ಅಳಿಸಿಬಿಡುತ್ತದೆ; ‘ಪಾರ್ಶಿಯಲ್’ ಆಯ್ಕೆಯನ್ನು ಸೇರಿಸಿದರೆ ಮಾತ್ರ ಉಳಿಸಿಕೊಂಡು, ಮುಂದಿನ ಸಲ ಎರಡೂ ಕಡೆಯ ಭಾಗಗಳನ್ನು ಹೋಲಿಸಿ, ಇಲ್ಲದಿರುವುದನ್ನಷ್ಟೇ ಕಳುಹಿಸುತ್ತದೆ. ಸಂಕುಚನದ ಆಯ್ಕೆಯನ್ನು ಮಾತ್ರ ನಾನು ಬಳಸುವುದಿಲ್ಲ, ಏಕೆಂದರೆ ವಿಡಿಯೊ ಈಗಾಗಲೇ ಸಂಕುಚಿತವಾಗಿರುವುದರಿಂದ ಪ್ರೊಸೆಸರಿಗೆ ದುಡಿಮೆ ಹೆಚ್ಚುತ್ತದೆಯೇ ಹೊರತು ಗಾತ್ರ ಇಳಿಯುವುದಿಲ್ಲ. ಸಾವಿರಾರು ಸಣ್ಣ ಫೈಲುಗಳಿದ್ದರೆ ಪ್ರತಿಯೊಂದನ್ನೂ ತೆರೆದು ಮುಚ್ಚುವುದರಲ್ಲೇ ಹೊತ್ತು ಹೋಗುತ್ತದೆ. ಅಂಥವನ್ನು ಮೊದಲು ಟಾರ್ ಎಂಬ ತಂತ್ರಾಂಶದಿಂದ ಒಂದೇ ಫೈಲಾಗಿ ಕಟ್ಟುತ್ತೇನೆ.

ಲೆಕ್ಕ ದಿನಗಳಿಗೆ ಹೋದರೆ ಡಿಸ್ಕನ್ನೇ ಕೈಯಲ್ಲಿ ಕಳುಹಿಸುವುದು ಲೇಸು. ಆಗ ಅದನ್ನು ಎಕ್ಸ್‌ಫ್ಯಾಟ್‌ನಲ್ಲಿ ಫಾರ್ಮ್ಯಾಟ್ ಮಾಡುತ್ತೇನೆ, ಏಕೆಂದರೆ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಇನ್ನೊಂದು, ಹಳೆಯ ಪದ್ಧತಿಯಾದ ಫ್ಯಾಟ್32ರಲ್ಲಿ 4 ಗಿಗಾಬೈಟ್‌ನ ಒಂದು ಫೈಲು ಕೂಡ ಹಿಡಿಸುವುದಿಲ್ಲ. ದಾರಿಯಲ್ಲಿ ಕಳೆದುಹೋಗಬಹುದಾದ ವಸ್ತುವಾದ್ದರಿಂದ ಒಳಗಿನದನ್ನು ಗೂಢಲಿಪೀಕರಿಸುವುದೂ ಅಗತ್ಯ.

ಆಜ್ಞೆಗಳನ್ನು ಬರೆದು ಅಭ್ಯಾಸವಿಲ್ಲದವರಿಗೆ ಕ್ಲೌಡ್ ಸಂಗ್ರಹದ ಕೊಂಡಿ ಕೊಡುತ್ತೇನೆ, ಆದರೆ ನಾನು ಏರಿಸಿದ್ದನ್ನು ಅವರು ಇಳಿಸಿಕೊಳ್ಳಬೇಕಾದ ಹೊತ್ತನ್ನೂ ಲೆಕ್ಕಕ್ಕೆ ಸೇರಿಸುತ್ತೇನೆ. ಯಾವ ದಾರಿಯಲ್ಲಿ ಹೋದರೂ ಫೈಲಿನ ಜೊತೆ ಅದರ ಎಸ್‌ಎಚ್‌ಎ-256 ಮೊತ್ತವನ್ನು (ಫೈಲಿನ ಒಳಗಿನದರಿಂದ ಲೆಕ್ಕಹಾಕಿದ, ಅದು ಬದಲಾದರೆ ತಾನೂ ಬದಲಾಗುವ ಗುರುತಿನ ಸಂಖ್ಯೆಯನ್ನು) ಪ್ರತ್ಯೇಕವಾಗಿ ಕಳುಹಿಸಿ, ಆ ತುದಿಯಲ್ಲಿ ತೆಗೆದ ಮೊತ್ತ ತಾಳೆಯಾಯಿತೆಂದು ಉತ್ತರ ಬರುವವರೆಗೆ ಮೂಲ ಪ್ರತಿಯನ್ನು ಅಳಿಸುವುದಿಲ್ಲ.