ರೇಸ್ ಕಾರಿನ ಒಳನೆಲಕ್ಕೆ ಹಗುರವಾದ, ಜಾರದ ಹಾಸನ್ನು ಆರಿಸುವ ಬಗೆ

ರೇಸ್‌ಗೆಂದೋ ರ‍್ಯಾಲಿಗೆಂದೋ ಸಿದ್ಧಪಡಿಸುವ ಕಾರಿನಿಂದ ಕಾರ್ಪೆಟ್ ಮತ್ತು ಅದರಡಿಯ ಡಾಂಬರಿನ ಹಾಳೆಗಳನ್ನು ಕಿತ್ತ ಮೇಲೆ ಉಳಿಯುವುದು ಬಣ್ಣ ಬಳಿದ ಬರಿಯ ಉಕ್ಕಿನ ತಗಡು. ಬೆಳಗಾವಿಯ ಮಳೆಗಾಲದಲ್ಲಿ ಒದ್ದೆ ಬೂಟು ತೊಟ್ಟು ಅದರ ಮೇಲೆ ಕಾಲಿಟ್ಟವರಿಗೆ ಮುಂದಿನದನ್ನು ವಿವರಿಸಬೇಕಿಲ್ಲ: ಬ್ರೇಕನ್ನು ಬಲವಾಗಿ ಒತ್ತಿದ ಕ್ಷಣದಲ್ಲೇ ಹಿಮ್ಮಡಿ ಜಾರುತ್ತದೆ, ಪಾದ ಪೆಡಲ್‌ನ ಅಂಚಿಗೆ ಸರಿಯುತ್ತದೆ. ಇದಕ್ಕೆ ಪರಿಹಾರವೆಂದು ಇಡೀ ನೆಲಕ್ಕೆ ರಬ್ಬರ್ ಹಾಸುವವರು ಬಹಳ. ನನ್ನ ಅಭಿಪ್ರಾಯದಲ್ಲಿ ಅದು ತಪ್ಪು ದಾರಿ. ಹಿಡಿತ ಬೇಕಾಗಿರುವುದು ಎರಡೇ ಕಡೆ, ಚಾಲಕನ ಹಿಮ್ಮಡಿ ಊರುವಲ್ಲಿ ಮತ್ತು ಸಹಚಾಲಕ ಕಾಲು ಒತ್ತಿ ಹಿಡಿಯುವಲ್ಲಿ. ಉಳಿದ ನೆಲ ಶುಭ್ರವಾಗಿ, ಕಣ್ಣಿಗೆ ಕಾಣುವಂತೆ ಇದ್ದರೆ ಸಾಕು.

ತೂಕದ ಲೆಕ್ಕವನ್ನು ಮೊದಲು ನೋಡೋಣ. 3 ಮಿಲಿಮೀಟರ್ ದಪ್ಪದ ಸಾಮಾನ್ಯ ರಬ್ಬರ್ ಹಾಳೆ ಚದರ ಮೀಟರಿಗೆ ಸುಮಾರು 4ರಿಂದ 5 ಕಿಲೋ ತೂಗುತ್ತದೆ. ಅಲ್ಯೂಮಿನಿಯಂ ಉಕ್ಕಿಗಿಂತ ಮೂರು ಪಟ್ಟು ಹಗುರವಾದದ್ದರಿಂದ 1.5 ಮಿಲಿಮೀಟರ್ ತಗಡು ಚದರ ಮೀಟರಿಗೆ 4 ಕಿಲೋದಷ್ಟಾಗುತ್ತದೆ. ಅಂದರೆ ಇಡೀ ನೆಲಕ್ಕೆ ಹಾಸಿದರೆ ಅದೂ ರಬ್ಬರಿನಷ್ಟೇ ಭಾರ. ಆದರೆ 40 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ಒಂದು ಹಿಮ್ಮಡಿ ತಟ್ಟೆಯನ್ನು ಮಾತ್ರ ಮಾಡಿಸಿದರೆ ಅರ್ಧ ಕಿಲೋದೊಳಗೆ ಕೆಲಸ ಮುಗಿಯುತ್ತದೆ, ಅದಕ್ಕೆ ತೂತು ಹೊಡೆಸಿದರೆ ಇನ್ನೂ ಕಡಿಮೆ. ವಸ್ತುವಿನ ಆಯ್ಕೆಗಿಂತ ವಿಸ್ತೀರ್ಣದ ಆಯ್ಕೆಯೇ ಹೆಚ್ಚು ತೂಕ ಉಳಿಸುತ್ತದೆ.

ಇನ್ನು ಹಿಡಿತದ ಮಾತು. ಹಿಮ್ಮಡಿ ಜಾರಬಾರದು, ಆದರೆ ತಿರುಗಬೇಕು. ಬ್ರೇಕ್ ಒತ್ತಿಕೊಂಡೇ ಪಾದದ ಅಂಚಿನಿಂದ ಆಕ್ಸಿಲರೇಟರ್ ತಟ್ಟಿ ಗೇರ್ ಇಳಿಸುವವರಿಗೆ ಹಿಮ್ಮಡಿಯೇ ಅಚ್ಚು. ಆದ್ದರಿಂದ ಒರಟಾದಷ್ಟೂ ಒಳ್ಳೆಯದು ಎಂಬ ಎಣಿಕೆ ಇಲ್ಲಿ ನಡೆಯುವುದಿಲ್ಲ. ಹರಳು ಅಂಟಿಸಿದ ಗ್ರಿಪ್ ಟೇಪ್ ಅತ್ಯಂತ ಹಗುರ, ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ, ಒಣ ನೆಲದಲ್ಲಿ ಅದರ ಹಿಡಿತಕ್ಕೆ ಸಾಟಿಯಿಲ್ಲ. ಆದರೆ ದಪ್ಪ ಹರಳಿನದಾದರೆ ರೇಸ್ ಬೂಟಿನ ತೆಳು ಅಟ್ಟೆಯನ್ನು ಕೆರೆದು ತಿನ್ನುತ್ತದೆ, ಹಿಮ್ಮಡಿಯನ್ನು ತಿರುಗಲು ಬಿಡುವುದಿಲ್ಲ. ಸಣ್ಣ ಹರಳಿನದನ್ನೇ ಆರಿಸಬೇಕು. (ಈ ಹರಳು ಹಲವು ಟೇಪ್‌ಗಳಲ್ಲಿ ಅಲ್ಯೂಮಿನಿಯಂ ಆಕ್ಸೈಡ್ ಆಗಿರುತ್ತದೆ, ಬೆಳಗಾವಿಯ ಹಿಂಡಾಲ್ಕೊ ಕಾರ್ಖಾನೆ ಬಾಕ್ಸೈಟಿನಿಂದ ತೆಗೆಯುವ ಅಲ್ಯೂಮಿನಾ ಮೂಲತಃ ಇದೇ ವಸ್ತು.)

ನಮ್ಮ ಕಡೆ ಟೇಪ್‌ಗೆ ಇನ್ನೊಂದು ಕಷ್ಟವಿದೆ, ಅದು ಮಣ್ಣು. ಖಾನಾಪುರದ ಕಡೆಯ ಕೆಮ್ಮಣ್ಣಾಗಲಿ, ಬೈಲಹೊಂಗಲ ದಾಟಿದ ಮೇಲೆ ಸಿಗುವ ಎರೆ ಮಣ್ಣಾಗಲಿ ಒದ್ದೆಯಾದಾಗ ಹರಳುಗಳ ನಡುವಿನ ಸಂದನ್ನು ತುಂಬಿ ಟೇಪನ್ನು ನುಣುಪು ಮಾಡಿಬಿಡುತ್ತದೆ. ಅದಕ್ಕಾಗಿಯೇ ಮಣ್ಣಿನ ಹಾದಿಯಲ್ಲಿ ಓಡುವ ಕಾರಿಗೆ ನಾನು ತೂತುಗಳ ಅಲ್ಯೂಮಿನಿಯಂ ತಟ್ಟೆಯನ್ನು ಸೂಚಿಸುತ್ತೇನೆ. ಹಿಡಿತ ಸಿಗುವುದು ತೂತುಗಳ ತುಸು ಉಬ್ಬಿದ ಅಂಚಿನಿಂದ, ಮಣ್ಣು ಮತ್ತು ನೀರು ಕೆಳಗಿಳಿಯುವುದು ಅದೇ ತೂತುಗಳಿಂದ. ತಟ್ಟೆಯನ್ನು ನೆಲದಿಂದ ಕೆಲವು ಮಿಲಿಮೀಟರ್ ಮೇಲೆ ಕೂರಿಸಿದರೆ ಮಾತ್ರ ಇದು ಸಾಧ್ಯ ಎಂಬುದನ್ನು ಮರೆಯಬಾರದು. ಲಾರಿ, ಬಸ್ಸುಗಳಲ್ಲಿ ಕಾಣುವ ಚೆಕ್ಕರ್ ಪ್ಲೇಟ್ ಬಾಳಿಕೆ ಬರುತ್ತದೆಯಾದರೂ ಅದರ ಉಬ್ಬುಗಳು ದೂರದೂರ ಇರುವುದರಿಂದ ತೆಳು ಅಟ್ಟೆಯ ಬೂಟಿಗೆ ಸಮನಾದ ಹಿಡಿತ ಕೊಡುವುದಿಲ್ಲ, ತೂಕವೂ ಹೆಚ್ಚು.

ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗ್‌ನಲ್ಲಿ ತಟ್ಟೆ ಮಾಡಿಸುವವರು ಮಿಶ್ರಲೋಹದ ಸಂಖ್ಯೆಯನ್ನು ಕೇಳಿಯೇ ತಗಡು ಆರಿಸಬೇಕು. 5052 ಚೆನ್ನಾಗಿ ಬಾಗುತ್ತದೆ. 6061-ಟಿ6 ಗಟ್ಟಿಯಾದರೂ ಕಿರಿದಾಗಿ ಬಾಗಿಸಿದಲ್ಲಿ ಬಿರುಕು ಬಿಡುತ್ತದೆ. ಅಂಚುಗಳನ್ನೆಲ್ಲ ಕೆಳಮುಖವಾಗಿ ಮಡಚಿಸಿ, ಏಕೆಂದರೆ ಚೂಪಾದ ಅಂಚು ಬೂಟಿನ ಹಿಮ್ಮಡಿಯನ್ನು ಸಿಕ್ಕಿಸಿಕೊಳ್ಳುತ್ತದೆ. ಅಲ್ಯೂಮಿನಿಯಂ ಮತ್ತು ಉಕ್ಕು ನೇರವಾಗಿ ತಾಗಿಕೊಂಡು ಒದ್ದೆಯಾಗಿದ್ದರೆ ಅಲ್ಯೂಮಿನಿಯಂ ಬೇಗ ಸವೆಯುತ್ತದೆ. ನಡುವೆ ಎಪಾಕ್ಸಿ ಪ್ರೈಮರ್ ಮತ್ತು ನೈಲಾನ್ ವಾಷರ್ ಇರಲಿ. ಕಾರ್ಬನ್ ಫೈಬರ್ ತಟ್ಟೆ ಇನ್ನೂ ಹಗುರ, ಆದರೆ ಅಲ್ಯೂಮಿನಿಯಮಿಗೆ ತಾಗಿದರೆ ಅದೂ ಇದೇ ತೊಂದರೆ ಕೊಡುತ್ತದೆ, ಮೇಲ್ಮೈ ನುಣುಪಾಗಿರುವುದರಿಂದ ಹಿಡಿತಕ್ಕೆ ಮತ್ತೆ ಟೇಪನ್ನೇ ಅಂಟಿಸಬೇಕಾಗುತ್ತದೆ.

ಇವಿಎ ಎಂಬ ಮೆತ್ತನೆಯ ಪ್ಲಾಸ್ಟಿಕ್ ಫೋಮ್ ಹಾಳೆಗಳ ವಿಷಯದಲ್ಲಿ ಎಚ್ಚರಿಕೆ ಅಗತ್ಯ. ಅವು ಹಗುರ, ಅಗ್ಗ, ಕಾಲಿಗೆ ಹಿತ, ಆದರೆ ಹೊತ್ತಿಕೊಳ್ಳುತ್ತವೆ. ವಾಹನದ ಒಳಭಾಗದ ವಸ್ತುಗಳಿಗಿರುವ ಅಮೆರಿಕದ ಎಫ್‌ಎಂವಿಎಸ್‌ಎಸ್ 302 ಮಾನದಂಡದ ಪ್ರಕಾರ ಬೆಂಕಿ ನಿಮಿಷಕ್ಕೆ 102 ಮಿಲಿಮೀಟರಿಗಿಂತ ವೇಗವಾಗಿ ಹರಡಬಾರದು, ಮತ್ತು ಇದು ಕನಿಷ್ಠ ಅಗತ್ಯ ಮಾತ್ರ. ಇಂಥ ಪ್ರಮಾಣಪತ್ರವಿಲ್ಲದ ಫೋಮನ್ನು ಪೆಟ್ರೋಲ್ ಪೈಪ್ ಹಾದುಹೋಗುವ ನೆಲದ ಮೇಲೆ ಹಾಸಲೇಬೇಡಿ. ರಬ್ಬರ್ ಬೇಕೇ ಬೇಕೆಂದರೆ ನೈಟ್ರೈಲ್ ರಬ್ಬರ್ ಎಣ್ಣೆ, ಪೆಟ್ರೋಲ್‌ಗಳನ್ನು ತಾಳುತ್ತದೆ. ಆದರೆ ಡಾಟ್ 3, ಡಾಟ್ 4 ಬ್ರೇಕ್ ಆಯಿಲ್ ಬಿದ್ದರೆ ಉಬ್ಬುತ್ತದೆ.

ಜೋಡಿಸುವ ಮೊದಲು ಕಾರನ್ನು ಎತ್ತಿ, ನೆಲದ ಕೆಳಗೆ ಬ್ರೇಕ್ ಮತ್ತು ಇಂಧನದ ಪೈಪುಗಳು ಎಲ್ಲಿ ಹೋಗಿವೆ ಎಂದು ನೋಡಿ ಗುರುತು ಹಾಕಿದ ಮೇಲೆಯೇ ಡ್ರಿಲ್ ಹಿಡಿಯಬೇಕು. ತಟ್ಟೆಯನ್ನು ರಿವೆಟ್ ನಟ್ (ತಗಡಿನ ತೂತಿನಲ್ಲೇ ಕಚ್ಚಿ ಕೂರುವ ನಟ್) ಮತ್ತು ಚಪ್ಪಟೆ ತಲೆಯ ಬೋಲ್ಟುಗಳಿಂದ ಬಿಗಿಯಿರಿ. ಬರಿಯ ಅಂಟು ಸೈಲೆನ್ಸರ್ ಪೈಪಿನ ಬಿಸಿಗೆ ಮೆತ್ತಗಾಗುತ್ತದೆ. ಬಿಡಿಯಾಗಿ ಹಾಸುವ ಮ್ಯಾಟ್ ಎಂದಿಗೂ ಬೇಡ. ಮ್ಯಾಟ್ ಸರಿದು ಆಕ್ಸಿಲರೇಟರ್ ಸಿಕ್ಕಿಕೊಳ್ಳುವ ಅಪಾಯಕ್ಕಾಗಿಯೇ 2009ರಲ್ಲಿ ಟೊಯೋಟಾ ಅಮೆರಿಕದಲ್ಲಿ ಲಕ್ಷಗಟ್ಟಲೆ ಕಾರುಗಳನ್ನು ಹಿಂದಕ್ಕೆ ಕರೆದಿತ್ತು. ರೋಲ್ ಕೇಜ್‌ನ (ಕಾರು ಉರುಳಿದಾಗ ಒಳಗಿನವರನ್ನು ಕಾಯುವ ಕೊಳವೆಗಳ ಚೌಕಟ್ಟಿನ) ಪಾದಗಳು ಮತ್ತು ಸೀಟಿನ ಬೋಲ್ಟುಗಳು ಮುಚ್ಚಿಹೋಗಬಾರದು; ಪರಿಶೀಲಕರಿಗೂ ನಿಮಗೂ ಅವು ಕಾಣುತ್ತಿರಬೇಕು. ಉಳಿದ ನೆಲಕ್ಕೆ ತಿಳಿ ಬೂದು ಬಣ್ಣ ಬಳಿದರೆ ಎಣ್ಣೆ ಸೋರಿದ್ದೂ ಬೆಸುಗೆ ಬಿರುಕು ಬಿಟ್ಟದ್ದೂ ತಕ್ಷಣ ಗೊತ್ತಾಗುತ್ತದೆ.

ಫಾರ್ಮುಲಾ ಮಾದರಿಯ ಕಾರು ಕಟ್ಟುವ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಮಾತ್ರ ನೆಲವೇ ನಿಯಮದ ವಿಷಯ. ಅವರ ಸ್ಪರ್ಧೆಯಾದ ಫಾರ್ಮುಲಾ ಎಸ್‌ಎಇಯ ನಿಯಮಗಳಂತೆ ಪಾದದ ಜಾಗದಿಂದ ಫೈರ್‌ವಾಲ್‌ವರೆಗೆ (ಚಾಲಕನನ್ನು ಎಂಜಿನ್, ಇಂಧನಗಳಿಂದ ಬೇರ್ಪಡಿಸುವ ಗೋಡೆಯವರೆಗೆ) ನೆಲ ಮುಚ್ಚಿರಬೇಕು, ಹಲವು ತುಂಡುಗಳಿದ್ದರೆ ನಡುವಿನ ಸಂದು 3 ಮಿಲಿಮೀಟರ್ ಮೀರಬಾರದು. ಹೀಗಾಗಿ ತೂತಿನ ತಟ್ಟೆಯನ್ನು ಮುಚ್ಚಿದ ನೆಲದ ಮೇಲೆ ಎರಡನೆಯ ಪದರವಾಗಿಯೇ ಕೂರಿಸಬೇಕು. ಉಳಿದವರು ತಮ್ಮ ವಿಭಾಗದಲ್ಲಿ ಕಾರ್ಪೆಟ್ ತೆಗೆಯಲು ಅನುಮತಿ ಇದೆಯೇ ಎಂಬುದನ್ನು ದೇಶದ ಮೋಟಾರು ಕ್ರೀಡೆಗಳ ಆಡಳಿತ ಸಂಸ್ಥೆಯಾದ ಎಫ್‌ಎಂಎಸ್‌ಸಿಐನ ಆ ವರ್ಷದ ನಿಯಮಾವಳಿಯಲ್ಲಿ ಓದಿಕೊಳ್ಳಲಿ.

ಕೊನೆಗೆ, ಬೂಟು ತೊಟ್ಟು, ಬೆಲ್ಟ್ ಬಿಗಿದುಕೊಂಡು ಮೂರೂ ಪೆಡಲ್‌ಗಳನ್ನು ಕೊನೆಯವರೆಗೆ ಒತ್ತಿ ನೋಡಿ. ಮೊದಲು ಒಣ ಅಟ್ಟೆಯಲ್ಲಿ, ಬಳಿಕ ಅಟ್ಟೆಗೆ ನೀರು ಸವರಿ. ತಟ್ಟೆಯ ಎತ್ತರದಿಂದ ಪಾದದ ಕೋನ ಬದಲಾಗಿದ್ದರೆ ಸೀಟನ್ನು ಸರಿಸುವ ಬದಲು ತಟ್ಟೆಯನ್ನೇ ತಗ್ಗಿಸಿ. ಬೋಲ್ಟಿನ ತಲೆಯಿಂದ ತಟ್ಟೆಯವರೆಗೆ ಬಣ್ಣದ ಒಂದು ಗೆರೆ ಎಳೆದಿಡಿ: ಬೋಲ್ಟ್ ಸಡಿಲವಾದರೆ ಗೆರೆ ಮುರಿದು ಕಾಣುತ್ತದೆ.